ಸಿ.ಎ. ಫೈನಲ್‌ಗೆ ದಿನಕ್ಕೆ ಎಷ್ಟು ಗಂಟೆ ಓದಬೇಕು?

ನಾನು ಸಿ.ಎ. ಮುಗಿಸಿದ್ದೇನೆಂದು ತಿಳಿದ ವಿದ್ಯಾರ್ಥಿಗಳು, ಕೆಲವೊಮ್ಮೆ ಅವರ ತಂದೆತಾಯಂದಿರೂ, ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಓದಿನ ರಜೆಯಲ್ಲಿ ಹತ್ತು ಗಂಟೆ ಕೂರಬೇಕಾಗುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಹತ್ತು ಗಂಟೆಗಳಲ್ಲಿ ಎಷ್ಟು ಹೊತ್ತು ಕೈಯಲ್ಲಿ ಪೆನ್ನಿತ್ತು ಎಂದು ನಾನು ಅವರನ್ನು ಮರಳಿ ಕೇಳುತ್ತೇನೆ.

ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 40 ಅಂಕ ಬಂದರೆ ಸಾಲದು. ಮೂರು ಪತ್ರಿಕೆಗಳ ಗ್ರೂಪ್‌ನಲ್ಲಿ ಒಟ್ಟು 300ಕ್ಕೆ 150 ಬರಬೇಕು. ಮೊದಲ ಅಟೆಂಪ್ಟ್‌ನಲ್ಲಿ ನನಗೆ ಬಂದದ್ದು 52, 47, 47, ಅಂದರೆ 146. ಒಂದು ವಿಷಯದಲ್ಲೂ ಫೇಲಾಗದೆ ಇಡೀ ಗ್ರೂಪ್ ಕೈತಪ್ಪಿತ್ತು. ಉತ್ತರ ಪತ್ರಿಕೆಯ ನಕಲನ್ನು ತರಿಸಿ ನೋಡಿದಾಗ, ಫೈನಾನ್ಷಿಯಲ್ ರಿಪೋರ್ಟಿಂಗ್‌ನ ಕೊನೆಯ ಪ್ರಶ್ನೆಗೆ ಗುಡ್‌ವಿಲ್ ಲೆಕ್ಕ ಮಾಡಿ, ಕನ್ಸಾಲಿಡೇಟೆಡ್ ಬ್ಯಾಲೆನ್ಸ್ ಶೀಟಿನ, ಅಂದರೆ ಮುಖ್ಯ ಕಂಪನಿ ಮತ್ತು ಅದರ ಅಂಗಸಂಸ್ಥೆಗಳ ಆಸ್ತಿ-ಹೊಣೆಗಳನ್ನು ಒಟ್ಟುಗೂಡಿಸಿದ ಪಟ್ಟಿಯ, ತಲೆಬರಹವನ್ನಷ್ಟೇ ಬರೆದು ನಿಲ್ಲಿಸಿದ್ದೆ. ಉಳಿದದ್ದು ನನಗೆ ಬರುತ್ತಿತ್ತು, ಹೊತ್ತು ಮೀರಿತ್ತು.

ಮೂರು ಗಂಟೆಗೆ 100 ಅಂಕವೆಂದರೆ 14 ಅಂಕದ ಪ್ರಶ್ನೆಗೆ ಸಿಗುವುದು ಸುಮಾರು 25 ನಿಮಿಷ. ಓದುವಾಗ ಈ ಲೆಕ್ಕ ಯಾರಿಗೂ ತಟ್ಟುವುದಿಲ್ಲ.

ಆಡಿಟ್ ಪತ್ರಿಕೆಯ ಕಷ್ಟ ಬೇರೆ ಬಗೆಯದು. ಸಾಲಗಾರರಿಗೆ ಬಾಕಿ ದೃಢೀಕರಣದ ಪತ್ರ ಕಳಿಸಲು ಆಡಳಿತವರ್ಗ ಒಪ್ಪುತ್ತಿಲ್ಲ, ಆಡಿಟರ್ ಏನು ಮಾಡಬೇಕು ಎಂದು ಕೇಳಿದರೆ, ಇಂಥ ದೃಢೀಕರಣಗಳ ಕುರಿತ ಆಡಿಟ್ ಮಾನದಂಡವಾದ ಎಸ್‌ಎ 505 ಓದಿದ ಎಲ್ಲರಿಗೂ ಉತ್ತರ ಗೊತ್ತೆನಿಸುತ್ತದೆ. ಬರೆಯಲು ಕೂತಾಗ ಮಾತ್ರ, ನಿರಾಕರಣೆಗೆ ಕಾರಣ ಕೇಳಿ ಅದು ಸಕಾರಣವೇ ಎಂದು ಪರಿಶೀಲಿಸುವುದು, ಬದಲಿ ಪುರಾವೆ ಹುಡುಕುವುದು, ಕಾರಣ ಒಪ್ಪತಕ್ಕದ್ದಲ್ಲವಾದರೆ ಕಂಪನಿಯ ಆಡಳಿತದ ಹೊಣೆ ಹೊತ್ತವರಿಗೆ ತಿಳಿಸಿ ತನ್ನ ಅಭಿಪ್ರಾಯದ ಮೇಲಾಗುವ ಪರಿಣಾಮವನ್ನು ನಿರ್ಧರಿಸುವುದು, ಇವುಗಳಲ್ಲಿ ಒಂದೆರಡು ಜಾರಿಹೋಗುತ್ತವೆ. ಹೀಗೆ ಜಾರಿದ್ದನ್ನು ಮನೆಯಲ್ಲೇ ಕಂಡುಕೊಳ್ಳಲು ಬರವಣಿಗೆಯೊಂದೇ ದಾರಿ ಎಂಬುದು ನನ್ನ ದೃಢ ನಂಬಿಕೆ. 30 ಅಂಕದ ಬಹು ಆಯ್ಕೆ ಪ್ರಶ್ನೆಗಳನ್ನು ಬಿಟ್ಟರೂ, ಉಳಿದ 70 ಅಂಕಗಳನ್ನು ಗಳಿಸಬೇಕಾದುದು ಕೈಬರಹದಿಂದಲೇ.

ಎರಡನೇ ಸಲ ಕೂರುವ ಮೊದಲು ನಾನು ಮಾಕ್ ಟೆಸ್ಟ್ ಪತ್ರಿಕೆಗಳನ್ನು ಪರೀಕ್ಷೆಯ ವೇಳೆಗೇ, ಮಧ್ಯಾಹ್ನ 2ರಿಂದ 5ರವರೆಗೆ, ಊಟದ ಮಂಪರು ಹತ್ತುವ ಆ ಹೊತ್ತಿನಲ್ಲೇ, ಪುಸ್ತಕ ಮುಚ್ಚಿಟ್ಟು ಬರೆದೆ. ಮೊದಲ ನಾಲ್ಕರಲ್ಲಿ ಒಂದೂ ಸಮಯಕ್ಕೆ ಮುಗಿಯಲಿಲ್ಲ. ಐದನೆಯದರಲ್ಲಿ ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಕೂಡಿಸಿ ಪೆನ್ನು ಕೆಳಗಿಟ್ಟಾಗ ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿತ್ತು.