ಕೋಡೊಲೆಯ ಲೆಕ್ಕ

ಕಲಬುರಗಿ ಸೀಮೆಯ ಹಳ್ಳಿಮನೆಗಳಲ್ಲಿ ತೊಗರಿ ಕಟ್ಟಿಗೆ ಉರಿಸುವ ಒಲೆಯ ಪಕ್ಕಕ್ಕೆ ಒಂದು ಕೋಡೊಲೆ ಇರುತ್ತದೆ. ಮುಖ್ಯ ಒಲೆಯ ಮೇಲಿನ ಹಂಚಿನಲ್ಲಿ ಜೋಳದ ರೊಟ್ಟಿ ಬೇಯುತ್ತಿರುವಾಗ ಅಲ್ಲಿಂದ ಹೊರಟ ಬಿಸಿ ಹೊಗೆ ಕೋಡೊಲೆಗೆ ಹರಿದು ಬೇಳೆ ಬೇಯಿಸುತ್ತದೆ. ಅಡುಗೆ ಮುಗಿದ ಮೇಲೆ ಉಳಿದ ಕೆಂಡದ ಮೇಲೆ ಹಾಲು ಕಾಯುತ್ತದೆ. ಗ್ಯಾಸ್ ಬಂದ ಮೇಲೆ ಹೆಣ್ಣುಮಕ್ಕಳಿಗೆ ಹೊಗೆಯಿಂದ ಬಿಡುಗಡೆ ಸಿಕ್ಕಿತು, ಅದನ್ನು ಬಿಟ್ಟು ಹಿಂದಕ್ಕೆ ಹೋಗಬೇಕೆಂದು ನಾನು ಎಂದಿಗೂ ಹೇಳಲಾರೆ. ಆದರೆ ಒಂದೇ ಉರಿಯಿಂದ ಮೂರು ಕೆಲಸ ತೆಗೆಯುವ ಆ ಏರ್ಪಾಡು ನಮ್ಮ ಕೈತಪ್ಪಿತು.

ಶಕ್ತಿ ನಾಶವಾಗುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನಾಶವಾಗದಿದ್ದರೂ ಶಾಖವು ತಣಿದಂತೆಲ್ಲ ಅದರಿಂದ ಮಾಡಿಸಬಹುದಾದ ಕೆಲಸಗಳು ಕಡಿಮೆಯಾಗುತ್ತವೆ. ಆದ್ದರಿಂದ ಪೋಲಾಗುವ ಶಾಖವನ್ನು ಹಿಡಿಯಬೇಕಾದರೆ ಅದು ತಣಿಯುವ ಮೊದಲೇ, ಅದರ ಮಗ್ಗುಲಲ್ಲೇ, ಅಷ್ಟು ಬಿಸಿ ಸಾಕೆನ್ನುವ ಇನ್ನೊಂದು ಕೆಲಸ ಕಾದಿರಬೇಕು. ಸೇಡಂ ಮತ್ತು ಚಿತ್ತಾಪುರ ಭಾಗದ ಸಿಮೆಂಟ್ ಕಾರ್ಖಾನೆಗಳಲ್ಲಿ ದೂರದಿಂದಲೇ ಕಾಣುವ ಎತ್ತರದ ಗೋಪುರ ಇದನ್ನೇ ಮಾಡುತ್ತದೆ. ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲ್ಲಿನ ಪುಡಿಯನ್ನು ಸುಡುವ ಗೂಡಿನಿಂದ ಹೊರಬಿದ್ದ ಬಿಸಿ ಅನಿಲ ಗೋಪುರದಲ್ಲಿ ಮೇಲೇರುವಾಗ, ಮೇಲಿನಿಂದ ಇಳಿದು ಬರುವ ಹೊಸ ಪುಡಿಯನ್ನು ಕಾಯಿಸುತ್ತದೆ. ಅದಾದ ಮೇಲೂ ಅನಿಲದಲ್ಲಿ 300 ಡಿಗ್ರಿಯ ಆಸುಪಾಸಿನ ಬಿಸಿ ಉಳಿದಿರುವುದರಿಂದ, ಅದರಿಂದ ಹಬೆ ಎಬ್ಬಿಸಿ ವಿದ್ಯುತ್ ತಯಾರಿಸುವ ಪದ್ಧತಿ ಸಿಮೆಂಟ್ ಉದ್ಯಮದಲ್ಲಿ ಬೆಳೆದಿದೆ.

ನಮ್ಮ ಅಡುಗೆಮನೆಯಲ್ಲಿ ಬಹಳಷ್ಟು ಶಾಖ ಹಬೆಯ ರೂಪದಲ್ಲಿ ಕಳೆದುಹೋಗುತ್ತದೆ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು 70 ಕಿಲೋ ಕ್ಯಾಲೊರಿ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಮತ್ತೆ ಸುಮಾರು 540 ಬೇಕು. ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯ ಬೇಳೆ ಬೇಗ ಬೇಯುವುದಿಲ್ಲ, ನೀರು ಮಾತ್ರ ಬೇಗ ಆರುತ್ತದೆ. ಕುಕ್ಕರಿನ ಮೊದಲ ಸೀಟಿಯ ನಂತರ ಉರಿ ತಗ್ಗಿಸಬೇಕೆನ್ನುವುದು ಇದಕ್ಕೇ. ನಮ್ಮ ಮನೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೇವೆ: ನೆನೆಸಿದ ತೊಗರಿಬೇಳೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಮುಚ್ಚಳ ಬಿಗಿದು ಹಳೆಯ ಕೌದಿಯಲ್ಲಿ ಸುತ್ತಿಡುತ್ತೇವೆ. ಒಂದೆರಡು ತಾಸಿನಲ್ಲಿ ಬೇಳೆ ತನ್ನ ಬಿಸಿಯಲ್ಲೇ ಮೆತ್ತಗಾಗುತ್ತದೆ. ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟ ಅಡುಗೆ ಕೆಡುವುದರಿಂದ, ಉಣ್ಣುವ ಮೊದಲು ಮತ್ತೊಮ್ಮೆ ಕುದಿಸಿಯೇ ಒಗ್ಗರಣೆ ಕೊಡಬೇಕು.

ಸೈಕಲ್ ತುಳಿದೋ ನಡೆದೋ ಮನೆಗೆ ಕರೆಂಟು ಮಾಡುವ ಸಾಧನಗಳ ಬಗ್ಗೆ ಉತ್ಸಾಹದಿಂದ ಕೇಳುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಸಾಧಾರಣ ಮನುಷ್ಯ ಒಂದು ತಾಸು 100 ವ್ಯಾಟ್‌ನಂತೆ ತುಳಿದರೆ ಸಿಗುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ, ಅಂದರೆ 86 ಕಿಲೋ ಕ್ಯಾಲೊರಿ. ಅದರಿಂದ ಒಂದು ಲೀಟರಿಗಿಂತ ತುಸು ಹೆಚ್ಚು ನೀರು ಕುದಿಯುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದರೆ ಅಷ್ಟನ್ನು ಬೆವರಿಲ್ಲದೆ ಉಳಿಸಬಹುದು. ಭಾರಿ ವಾಹನದ ಚಲನೆಯ ಮಾತು ಬೇರೆ. 2024ರಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಆರಂಭವಾದ ವಂದೇ ಭಾರತ್ ರೈಲು ಬ್ರೇಕ್ ಹಾಕುವಾಗ ಅದರ ಮೋಟಾರುಗಳೇ ಜನರೇಟರುಗಳಾಗಿ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತವೆ.

ಫ್ರಿಜ್ ಹೊರಹಾಕುವ ಶಾಖ ಮಾತ್ರ ತೀರ ಮಂದವಾದದ್ದು, ಅದರಿಂದ ಚಹಾ ಕಾಯುವುದಿಲ್ಲ, ನಮ್ಮ ಬೇಸಿಗೆಯಲ್ಲಂತೂ ಅದು ಯಾರಿಗೂ ಬೇಡ. ಆದರೆ ಡಿಸೆಂಬರಿನಲ್ಲಿ ಬೀದರಿನ ಚಳಿಗೆ ಮೊಸರು ಹೆಪ್ಪುಗಟ್ಟುವುದಿಲ್ಲವೆಂದು ಪೇಚಾಡುತ್ತಿದ್ದ ನನ್ನ ಅಕ್ಕ, ಈಗ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ರಾತ್ರಿ ಫ್ರಿಜ್ಜಿನ ಬೆಚ್ಚಗಿನ ಮಗ್ಗುಲಿಗೆ ಇಡುತ್ತಾಳೆ. ಗಾಳಿಯಾಡಲು ಬಿಟ್ಟ ಜಾಗಕ್ಕೆ ಪಾತ್ರೆ ಅಡ್ಡವಾಗಬಾರದು. ಶಾಖ ಹೊರಹೋಗಲು ದಾರಿ ಸಿಗದಿದ್ದರೆ ಫ್ರಿಜ್ ಹೆಚ್ಚು ಕರೆಂಟು ಎಳೆಯುತ್ತದೆ.