ಹಾಡಿನ ಟ್ರ್ಯಾಕಿನೊಳಗೆ ಟಿಕ್ ಟಿಕ್

ಭಾವಗೀತೆಯ ಕೊನೆಯ ಸಾಲು. ವಾದ್ಯಗಳೆಲ್ಲ ನಿಂತಿವೆ, ಗಾಯಕಿ ದನಿ ಇಳಿಸಿ ಕೊನೆಯ ಸ್ವರವನ್ನು ಹಿಡಿದಿದ್ದಾರೆ. ಮಿಕ್ಸ್‌ಗೆ ಕುಳಿತು ಆ ಟ್ರ್ಯಾಕನ್ನಷ್ಟೇ ಹಾಕಿ ಕೇಳಿದರೆ ಉಸಿರಿನ ಹಿಂದೆ ಟಿಕ್, ಟಿಕ್, ಟಿಕ್. ಹೆಡ್‌ಫೋನಿನಿಂದ ಸೋರಿ ಮೈಕ್‌ಗೆ ಸೇರಿದ ಕ್ಲಿಕ್ ಅದು, ಅಂದರೆ ಲಯ ತಪ್ಪದಿರಲೆಂದು ಗಾಯಕರ ಕಿವಿಗೆ ಕೊಡುವ ಎಣಿಕೆಯ ಸದ್ದು. ಹಾಡಿನುದ್ದಕ್ಕೂ ಅದು ಇತ್ತು, ತಬಲಾ ಮತ್ತು ಕೀಬೋರ್ಡಿನ ಅಡಿಯಲ್ಲಿ ಅಡಗಿತ್ತು ಅಷ್ಟೆ.

ರೆಕಾರ್ಡಿಂಗ್ ಹೊತ್ತಿನಲ್ಲಿ ಸಣ್ಣದಾಗಿ ಕಂಡ ಸೋರಿಕೆ ಆಮೇಲೆ ದೊಡ್ಡದಾಗುತ್ತದೆ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಜೋರು ದನಿಯನ್ನು 8 ಡಿಬಿ (ಡೆಸಿಬೆಲ್) ಇಳಿಸಿತು, ನೀವು ಒಟ್ಟು ಮಟ್ಟವನ್ನು 8 ಡಿಬಿ ಏರಿಸಿದಿರಿ ಅಂದುಕೊಳ್ಳಿ. ಸಾಲುಗಳ ನಡುವಿನ ಸೋರಿಕೆಯೂ 8 ಡಿಬಿ ಮೇಲೆ ಬಂತು. ಶ್ರುತಿ ತಿದ್ದುವ ಪ್ಲಗಿನ್ ಹಾಕಿದರೆ ದನಿಯ ಜೊತೆ ಸೋರಿದ ಕೀಬೋರ್ಡ್ ಸ್ವರವೂ ಜರುಗಿ, ಮೂಲ ಕೀಬೋರ್ಡಿನೊಂದಿಗೆ ಅಪಸ್ವರವಾಗುತ್ತದೆ. ಹಾಡಿಸಿದ ಮೇಲೆ ಕೀಬೋರ್ಡಿನ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಯಿಸಿದರಂತೂ ಹಳೆಯ ಕಾರ್ಡ್ ದನಿಯ ಟ್ರ್ಯಾಕಿನಲ್ಲಿ ಹಾಗೇ ಕೂತಿರುತ್ತದೆ.

ಇದಕ್ಕೆ ಹೊಸ ಹೆಡ್‌ಫೋನೇ ಮದ್ದು ಎಂದು ಅನೇಕರು ನಂಬುತ್ತಾರೆ. ಅರ್ಧ ನಿಜ. ಸೆನ್‌ಹೈಸರ್ ಎಚ್‌ಡಿ 600, ಬೇಯರ್‌ಡೈನಾಮಿಕ್ ಡಿಟಿ 990 ಥರದ ಓಪನ್ ಬ್ಯಾಕ್‌ಗಳು, ಅಂದರೆ ಕಪ್ಪಿನ ಹಿಂಬದಿ ತೆರೆದಿರುವವು, ಮಿಕ್ಸ್ ಕೇಳಲು ಚೆನ್ನ, ಹಾಡಿಸಲು ಬೇಡವೇ ಬೇಡ. ಎಕೆಜಿ ಕೆ 240 ಸೆಮಿ ಓಪನ್, ಅದೂ ಸೋರುತ್ತದೆ. ಎಚ್‌ಡಿ 280 ಪ್ರೊ, ಡಿಟಿ 770 ಪ್ರೊ, ಸೋನಿ ಎಂಡಿಆರ್ 7506 ಹಿಂಬದಿ ಮುಚ್ಚಿದ ಕ್ಲೋಸ್ಡ್ ಬ್ಯಾಕ್‌ಗಳು. ಇವುಗಳಲ್ಲಿ ಯಾವುದಾದರೂ ಸಾಕು, ಆದರೆ ಪ್ಯಾಡ್ ಕಿವಿಯ ಸುತ್ತ ಪೂರ್ತಿ ಒತ್ತಿ ಕೂರಬೇಕು. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದರೆ ಅಷ್ಟೇ ಸಂದಿ ಸಾಕು, ಸದ್ದು ಹೊರಗೆ. ಜುಮುಕಿ ತೆಗೆಸಿ, ಪ್ಯಾಡಿನಡಿ ಸಿಕ್ಕ ಕೂದಲನ್ನು ಹಿಂದಕ್ಕೆ ಸರಿಸಿ. ಚರ್ಮ ಸುಲಿದು ಚಪ್ಪಟೆಯಾದ ಪ್ಯಾಡುಗಳನ್ನು ಬದಲಾಯಿಸಿ. ಹೊಸ ಹೆಡ್‌ಫೋನಿಗಿಂತ ಅಗ್ಗದಲ್ಲಿ ಅಷ್ಟೇ ಲಾಭ.

ಇನ್ನರ್ಧ ಮುಖ್ಯವಾದದ್ದು: ಗಾಯಕರು ವಾಲ್ಯೂಮ್ ಇನ್ನೂ ಬೇಕು ಎಂದು ಯಾಕೆ ಕೇಳುತ್ತಾರೆ? ಆ ಕಾರಣ ತೆಗೆದರೆ ಸೋರಿಕೆ ತಾನಾಗಿ ಇಳಿಯುತ್ತದೆ.

ಮೊದಲ ಕಾರಣ ವಿಳಂಬ. ಹಾಡಿದ ದನಿ ಕಂಪ್ಯೂಟರ್ ಸುತ್ತಿ ಬರುತ್ತಿದ್ದರೆ, 48 ಕಿಲೋಹರ್ಟ್ಜ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಸಿಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 256 ಇದ್ದಾಗ ಹೋಗಿಬರುವುದಕ್ಕೆ 10 ಮಿಲಿಸೆಕೆಂಡ್ ದಾಟುತ್ತದೆ. ತಲೆಬುರುಡೆಯ ಮೂಲಕ ಕೇಳುವ ಸ್ವಂತ ದನಿಗೂ ಹೆಡ್‌ಫೋನಿನ ದನಿಗೂ ತಾಳೆಯಾಗದೆ ದನಿ ಟೊಳ್ಳಾಗಿ ಕೇಳುತ್ತದೆ. ಗಾಯಕರು ಅದನ್ನು ‘ನನ್ನ ವಾಯ್ಸ್ ಕೇಳ್ತಿಲ್ಲ’ ಎನ್ನುತ್ತಾರೆ, ನೀವು ಏರಿಸುತ್ತೀರಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಆನ್ ಮಾಡಿ, ದನಿ ಕಂಪ್ಯೂಟರ್ ಸುತ್ತದೆ ನೇರ ಕಿವಿಗೆ ಬರುತ್ತದೆ. ಡಿಎಡಬ್ಲ್ಯೂ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಇನ್‌ಪುಟ್ ಮಾನಿಟರಿಂಗ್ ಆಫ್ ಮಾಡಿ.

ಎರಡನೆಯದು ಯಾರೂ ಸಾಮಾನ್ಯವಾಗಿ ನೋಡದ ಪೊಲಾರಿಟಿ, ಅಂದರೆ ಸದ್ದಿನ ಅಲೆ ನೇರವಾಗಿದೆಯೋ ತಲೆಕೆಳಗೋ ಎಂಬುದು. ಹೆಡ್‌ಫೋನಿನ ದನಿ ಉಲ್ಟಾ ಇದ್ದರೆ ತಲೆಯೊಳಗಿನ ದನಿಯ ಮಂದ್ರ ಭಾಗವನ್ನು ಅದು ಕೊಂದುಬಿಡುತ್ತದೆ. ಗಾಯಕರು ಹಾಡುತ್ತಿರುವಾಗಲೇ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರೀಆಂಪಿನ ಪೊಲಾರಿಟಿ ಬಟನ್ ಒತ್ತಿ, ಯಾವುದು ತುಂಬಿದಂತೆ ಕೇಳುತ್ತದೆ ಎಂದು ಕೇಳಿ. ಕೆಲವರಿಗೆ ಈ ಒಂದು ಬಟನ್‌ನಿಂದಲೇ ವಾಲ್ಯೂಮ್ ಸಾಕಾಗುತ್ತದೆ.

ಮೂರನೆಯದು ಕ್ಯೂ ಮಿಕ್ಸ್, ಗಾಯಕರ ಹೆಡ್‌ಫೋನಿಗೆ ಕಳಿಸುವ ಮಿಶ್ರಣ. ಹಾಡಲು ಬೇಕಾದದ್ದು ಶ್ರುತಿ, ತಾಳ, ಒಂದು ಕಾರ್ಡ್ ವಾದ್ಯ. ಸ್ಟ್ರಿಂಗ್ಸ್, ಕೀಬೋರ್ಡಿನ ಎಳೆದ ಪ್ಯಾಡ್ ಸ್ವರ, ಕೋರಸ್ ಎಲ್ಲ ದನಿಯ ಜಾಗದಲ್ಲೇ ಕೂರುವುದರಿಂದ ಮೊದಲು ಅವನ್ನು ಇಳಿಸಿ ಅಥವಾ ಮ್ಯೂಟ್ ಮಾಡಿ. ದನಿಗೆ ಸ್ವಲ್ಪ ರಿವರ್ಬ್ (ಅನುರಣನ) ಕೊಡಿ. ‘ವಾಯ್ಸ್ ಏರಿಸಿ’ ಎಂದಾಗ ಉಳಿದದ್ದನ್ನೆಲ್ಲ 3 ಡಿಬಿ ಇಳಿಸಿ. ಅವರಿಗೆ ಬೇಕಾದದ್ದು ಸಿಕ್ಕಿತು, ಸೋರಿಕೆಯೂ ಇಳಿಯಿತು.

ಕ್ಲಿಕ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮರದ ತುಂಡು ಬಡಿದಂಥ ಚೂಪು ಸದ್ದು ಎಲ್ಲದರ ನಡುವೆಯೂ ತೂರಿ ಬರಲೆಂದೇ ಮಾಡಿದ್ದು, ಹಾಗಾಗಿ ಟ್ರ್ಯಾಕಿನಲ್ಲೂ ಮೊದಲು ಕೇಳುವುದು ಅದೇ. ಅದರ ಬದಲು ಮೃದುವಾದ ಶೇಕರ್ ಅಥವಾ ಹಾಡಿನಲ್ಲೇ ಇರುವ ತಬಲಾ ಠೇಕಾ ಕೊಡಿ. ಸೋರಿದರೂ ಹಾಡಿನೊಳಗೆ ಕರಗುತ್ತದೆ. ಕ್ಲಿಕ್ಕೇ ಬೇಕೆಂದರೆ 3 ಕಿಲೋಹರ್ಟ್ಜ್ ಮೇಲಿನದನ್ನು ಲೋ ಪಾಸ್ ಫಿಲ್ಟರಿನಿಂದ ಕತ್ತರಿಸಿ. ತಾಳವಿಲ್ಲದ ಆಲಾಪದಲ್ಲಿ ಮತ್ತು ಕೊನೆಯ ದೀರ್ಘ ಸ್ವರದಲ್ಲಿ ಕ್ಲಿಕ್ ತಾನಾಗಿ ಮ್ಯೂಟ್ ಆಗುವಂತೆ ಸಾಫ್ಟ್‌ವೇರಿನಲ್ಲಿ ಆಟೊಮೇಷನ್ ಮೊದಲೇ ಬರೆದಿಡಿ, ಟೇಕ್ ಮಧ್ಯೆ ಕೈಯಲ್ಲಿ ಮಾಡಲು ಹೋಗಬೇಡಿ.

ಒಂದು ಕಿವಿ ತೆರೆದಿಟ್ಟು ಹಾಡುವವರಿಗೆ ಕ್ಯೂ ಮಿಕ್ಸನ್ನು ಮೊನೊ (ಎರಡೂ ಕಡೆ ಒಂದೇ ಸದ್ದು) ಮಾಡಿ, ತೆರೆದ ಕಡೆಯ ಚಾನೆಲ್ ಪೂರ್ತಿ ಮುಚ್ಚಿ. ಹಾಗೆ ಮುಚ್ಚದೆ ಬಿಟ್ಟರೆ ಗಾಳಿಯಲ್ಲಿ ತೂಗುವ ಆ ಕಪ್ ಚಿಕ್ಕ ಸ್ಪೀಕರೇ ಸರಿ. ಚಾನೆಲ್ ಮುಚ್ಚಲು ದಾರಿಯಿಲ್ಲದಿದ್ದರೆ ಕಪ್ಪನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಇಟ್ಟುಕೊಳ್ಳಲು ಹೇಳಿ.

ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಇದೆ, ಸೋರಿಕೆ ತಡೆಯುತ್ತದೆ ಎಂಬ ಭರವಸೆ ಹಾಡಿನ ವಿಷಯದಲ್ಲಿ ಸುಳ್ಳು. ಬಾಯಿ ಮೈಕಿನಿಂದ 15 ಸೆಂ.ಮೀ. ದೂರದಲ್ಲಿದ್ದರೆ ಕಿವಿ ಅದೇ ಮೈಕಿನಿಂದ ಸುಮಾರು 25 ಸೆಂ.ಮೀ. ಹಿಂದೆ, 9 ಸೆಂ.ಮೀ. ಪಕ್ಕಕ್ಕೆ. ಅಂದರೆ ಮೈಕಿನ ನೇರದಿಂದ ಬರೀ 20 ಡಿಗ್ರಿ ಆಚೆ. ಅಲ್ಲಿ ಕಾರ್ಡಿಯಾಯ್ಡ್ ಏನೂ ಕಳೆಯುವುದಿಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ದೂರ: ಬಾಯಿ ಹತ್ತಿರ ಬಂದಷ್ಟೂ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಕಡಿಮೆ ಸಾಕು, ಹೆಡ್‌ಫೋನ್ ಅಷ್ಟು ಹಿಂದೆ ಬೀಳುತ್ತದೆ.

ವಾದ್ಯಕ್ಕೆ ಮಾತ್ರ ಮೈಕಿನ ದಿಕ್ಕು ನಿಜವಾಗಿ ಕೆಲಸ ಮಾಡುತ್ತದೆ. ಅಕೂಸ್ಟಿಕ್ ಗಿಟಾರಿನ ಮುಂದೆ ಎದೆಮಟ್ಟದಲ್ಲಿ ಫಿಗರ್ 8 ಮೈಕ್ (ಮುಂದೆ ಹಿಂದೆ ಕೇಳುವ, ಪಕ್ಕಗಳಿಗೆ ಕಿವುಡಾದದ್ದು) ಇಟ್ಟು, ಅದು 12ನೇ ಫ್ರೆಟ್ ಕಡೆ 45 ಡಿಗ್ರಿ ಕೆಳಗೆ ನೋಡುವಂತೆ ಬಾಗಿಸಿ. ಆಗ ಮೇಲೆ ಹಿಂದೆ ಇರುವ ತಲೆ ಮೈಕಿನ ಕಿವುಡು ಪಕ್ಕಕ್ಕೆ, ಅಂದರೆ 90 ಡಿಗ್ರಿಗೆ ಬರುತ್ತದೆ. ಕಾರ್ಡಿಯಾಯ್ಡ್ ಅಲ್ಲಿ 6 ಡಿಬಿ ಮಾತ್ರ ಕಳೆದರೆ ಫಿಗರ್ 8 ಅದರ ಹಲವು ಪಟ್ಟು ಕಳೆಯುತ್ತದೆ. ಅದರ ಬೆನ್ನು ಸೂರಿನ ಪ್ರತಿಧ್ವನಿಯನ್ನೂ ಹಿಡಿಯುವುದರಿಂದ ಹಿಂದೆ ಮೇಲಕ್ಕೆ ಒಂದು ದಪ್ಪ ರಜಾಯಿ ಕಟ್ಟಿ. ವೀಣೆಗೂ ಇದೇ ಲೆಕ್ಕ: ನುಡಿಸುವವರು ವಾದ್ಯದ ಮೇಲೆ ಬಾಗುತ್ತಾರೆ, ಹಾಗಾಗಿ ಮೈಕನ್ನು ಮೇಲಿನಿಂದ ಇಳಿಬಿಡದೆ ಕೊಡದ ಮುಂದೆ ಇಡಿ. ಕೊಳಲು ಮತ್ತು ಪಿಟೀಲಿನಲ್ಲಿ ವಾದ್ಯವೇ ಕಿವಿಗೆ ಹತ್ತಿರದಲ್ಲಿರುತ್ತದೆ. ಅಲ್ಲಿ ಕಿವಿಯೊಳಗೆ ಕೂರುವ ಇನ್ ಇಯರ್ ಬಿಟ್ಟರೆ ಬೇರೆ ದಾರಿ ಹುಡುಕಬೇಡಿ. ಫೋಮ್ ತುದಿಯನ್ನು ಬೆರಳಲ್ಲಿ ಹೊಸೆದು ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಗಾಯಕರಿಗೆ ಮಾತ್ರ ಇದರಲ್ಲಿ ತಮ್ಮ ದನಿ ಕೊಡದೊಳಗೆ ಹಾಡಿದಂತೆ ಕೇಳುತ್ತದೆ, ಒಗ್ಗದಿದ್ದರೆ ಒತ್ತಾಯ ಬೇಡ.

ಟೇಕ್‌ಗೆ ಮುಂಚೆ ಒಂದು ಪರೀಕ್ಷೆ ತಪ್ಪಿಸಬೇಡಿ. ಗಾಯಕರು ಹೆಡ್‌ಫೋನ್ ಹಾಕಿ, ಹಾಡುವ ಜಾಗದಲ್ಲೇ ಬಾಯಿಮುಚ್ಚಿ ನಿಲ್ಲಲಿ. ಫ್ಯಾನ್ ಆಫ್. ಅದೇ ಗೇನ್, ಅದೇ ವಾಲ್ಯೂಮಿನಲ್ಲಿ ಹಾಡಿನ ಅತಿ ಗದ್ದಲದ 30 ಸೆಕೆಂಡ್ ರೆಕಾರ್ಡ್ ಮಾಡಿ. ಹಾಡಿನ ಪೀಕ್, ಅಂದರೆ ಅತಿ ಜೋರು ಕ್ಷಣ, ಮೀಟರಿನಲ್ಲಿ -12 ಡಿಬಿಎಫ್‌ಎಸ್ (ಇಲ್ಲಿ 0 ಎಂದರೆ ಗರಿಷ್ಠ ಮಟ್ಟ) ಹತ್ತಿರವಿದ್ದರೆ ಸೋರಿಕೆ -60ಕ್ಕಿಂತ ಕೆಳಗಿರಲಿ. -50 ದಾಟಿದರೆ ಮೇಲಿನದನ್ನೆಲ್ಲ ಮತ್ತೊಮ್ಮೆ ನೋಡಿ.

ಟೇಕ್ ಮುಗಿದ ಮೇಲೆ ಸೋರಿಕೆ ಕಂಡರೆ ಸಣ್ಣ ಸದ್ದನ್ನು ಪೂರ್ತಿ ಮುಚ್ಚುವ ಗೇಟ್ ಹಾಕಿ ಚಕ್ಕನೆ ಕತ್ತರಿಸಬೇಡಿ, ಉಸಿರು ತುಂಡಾಗಿ ಇನ್ನೂ ಎದ್ದು ಕಾಣುತ್ತದೆ. ಸಣ್ಣ ಸದ್ದನ್ನು ಮೆಲ್ಲಗೆ ಇಳಿಸುವ ಎಕ್ಸ್‌ಪ್ಯಾಂಡರ್ ಸಾಕು: ಅನುಪಾತ 2:1, ರೇಂಜ್ (ಇಳಿಕೆಯ ಮಿತಿ) 10 ಡಿಬಿ. ಸಾಲುಗಳ ನಡುವೆ ಕೈಯಾರೆ ಫೇಡ್ ಮಾಡುವುದು ಅದಕ್ಕಿಂತ ಒಳ್ಳೆಯದು. ಇನ್ನೊಂದು ಹಳೆಯ ಉಪಾಯವಿದೆ: ಗಾಯಕರು ಸದ್ದಿಲ್ಲದೆ ನಿಂತು ಇಡೀ ಹಾಡನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿ, ಅದರ ಪೊಲಾರಿಟಿ ಉಲ್ಟಾ ಮಾಡಿ ಸೇರಿಸುವುದು. ಆದರೆ ತಲೆ 1 ಸೆಂ.ಮೀ. ಸರಿದರೂ 3 ಕಿಲೋಹರ್ಟ್ಜ್‌ನಲ್ಲಿ ಕಳೆಯುವುದು ಸುಮಾರು 5 ಡಿಬಿ ಮಾತ್ರ, ಕ್ಲಿಕ್ಕಿನ ಮೊನೆ ಇರುವುದೂ ಅಲ್ಲೇ. ಕೊನೆಯ ಸಾಲಷ್ಟೇ ಕೆಟ್ಟಿದ್ದರೆ ಗಾಯಕರು ಹೊರಡುವ ಮೊದಲೇ ಕ್ಲಿಕ್ ಮ್ಯೂಟ್ ಮಾಡಿ, ಶ್ರುತಿ ಮಾತ್ರ ಸಣ್ಣಗೆ ಕೊಟ್ಟು, ಆ ಸಾಲನ್ನು ಇನ್ನೆರಡು ಸಲ ಹಾಡಿಸಿಕೊಳ್ಳಿ.