ರೀಲ್ಸ್ ರಾಜಕೀಯ

ಕಾರವಾರದ ಟಾಗೋರ್ ಕಡಲತೀರದಲ್ಲಿ ಒಬ್ಬ ನಾಯಕರು ಮೀನುಗಾರರ ಜೊತೆ ಬಲೆ ಎಳೆಯುತ್ತಿದ್ದರು. ಮೇಲೆ ಡ್ರೋನ್. ಬೆಳಕು ಸರಿ ಇಲ್ಲ ಅಂತ ಇನ್ನೊಮ್ಮೆ ಎಳೆಸಿದರು! ರಾತ್ರಿಯೊಳಗೆ ಅದು ಹಾಡಿನ ಸಮೇತ ಶಿರಸಿಯವರ ವಾಟ್ಸಾಪಿಗೂ ತಲುಪಿತ್ತು. ಮೊದಲೆಲ್ಲ ಸುದ್ದಿಯಾಗಬೇಕೆಂದರೆ ಪತ್ರಕರ್ತರ ಒಂದೆರಡು ಪ್ರಶ್ನೆಗಾದರೂ ಉತ್ತರ ಕೊಡಬೇಕಿತ್ತು. ರೀಲ್ಸ್‌ನಲ್ಲಿ ಆ ತಾಪತ್ರಯವೇ ಇಲ್ಲ.

ಹಾಗಂತ ಕ್ಯಾಮೆರಾ ಬರೀ ಅವರ ಕೈಲೇ ಇರುವುದಿಲ್ಲ, ಅಲ್ವಾ? 2006ರಲ್ಲಿ ಅಮೆರಿಕದ ಸೆನೆಟರ್ ಜಾರ್ಜ್ ಅಲೆನ್, ತನ್ನ ಸಭೆಯನ್ನು ಚಿತ್ರೀಕರಿಸುತ್ತಿದ್ದ ಎದುರಾಳಿ ಕಡೆಯ ಭಾರತೀಯ ಮೂಲದ ಹುಡುಗನನ್ನು ಹೀಯಾಳಿಸಿದರು. ಆ ತುಣುಕು ಯೂಟ್ಯೂಬ್‌ನಲ್ಲಿ ಓಡಾಡಿತು. ನವೆಂಬರ್‌ನಲ್ಲಿ ಅಲೆನ್ ಸ್ವಲ್ಪದರಲ್ಲೇ ಸೋತರು. ಸೋಲಿಗೆ ಅದೊಂದೇ ಕಾರಣ ಅಂತಲ್ಲ, ಆದರೆ ಪೆಟ್ಟು ಜೋರಾಗಿಯೇ ಬಿತ್ತು.

ನಾನಂತೂ ಇಂಥ ವಿಡಿಯೋ ಕಂಡರೆ ಕೆಳಗೆ ಕೇಳುವುದು ಒಂದೇ: ಸಾಹೇಬ್ರೇ, ನಮ್ಮೂರ ರಸ್ತೆ ಯಾವಾಗ?